ಐದು ಬೋಲ್ಟು

"ತೆಗಿಯಪ್ಪಾ, ಊಟದ ಹೊತ್ತು ಮುಗೀತಾ ಬಂತು," ಅಂದ ಪೇಂಟರ್. ಲೇತಣ್ಣನ ಕೈ ಮಾತ್ರ ಮೇಲೇಳಲಿಲ್ಲ.

ಬೆಂಚಿನ ಮೇಲೆ ಐದು ಬೋಲ್ಟು ಉಳಿದಿದ್ದವು. ಸರದಿ ಬಂದಾಗ ಒಂದೋ ಎರಡೋ ತೆಗೆಯಬೇಕು. ಕೊನೆಯದು ಯಾರ ಪಾಲಿಗೆ ಬಂತೋ ಅವನು ಸೋತ. ವರ್ಷಗಟ್ಟಲೆ ಲೇತಣ್ಣ, ಪೇಂಟರ್, ವೆಲ್ಡರ್ ಈ ಮೂವರೂ ಊಟವಾದ ಮೇಲೆ ಹೀಗೇ ಆಡಿ, ಸೋತವನಿಂದ ಚಹಾ ತರಿಸಿ ಗೇಲಿ ಮಾಡಿದವರೇ. ಇವತ್ತು ಚಹಾದ ಮಾತಿಲ್ಲ, ಸೋತವನ ಕೆಲಸವೇ ಹೋಗುತ್ತದೆ. ಬೆಳಿಗ್ಗೆ ವರ್ಕ್‌ಶಾಪಿನ ಧಣಿ ಬಂದು, "ಒಬ್ಬರನ್ನ ಬಿಡಿಸ್ಲೇಬೇಕು. ಯಾರು ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ, ಆ ಪಾಪ ನನಗೆ ಬೇಡ," ಎಂದು ಕೈತೊಳೆದುಕೊಂಡಿದ್ದ. ಎಂಥಾ ಪುಣ್ಯಾತ್ಮ!

ಲೇತಣ್ಣನ ಮನೆಯಲ್ಲಿ ತುಂಬು ಬಸುರಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಲೋಹ ಕಡೆಯುವ ಲೇತ್ ಯಂತ್ರ ಬಿಟ್ಟರೆ ಬೇರೆ ಕೆಲಸ ಅವನಿಗೆ ಬಾರದು, ಈ ಊರಲ್ಲಿ ಇನ್ನೊಂದು ಲೇತ್ ಇಲ್ಲ. ಒಬ್ಬನೇ ಆಡಿ ಬಚಾವಾಗುವ ಆಟವೂ ಇದಲ್ಲ. ಇಬ್ಬರು ಒಳಗೊಳಗೇ ಸೇರಿಕೊಂಡರೆ ಮೂರನೆಯವನ ಕಥೆ ಮುಗಿದ ಹಾಗೆ. ಅದಕ್ಕೇ ಅವನು ಬೆಳಿಗ್ಗೆಯೇ ನಲ್ಲಿಯ ಹತ್ತಿರ ವೆಲ್ಡರನ ಕೈ ಹಿಡಿದು, ತನ್ನ ಕಡೆ ಆಡು ಎಂದು ಕೇಳಿಕೊಂಡಿದ್ದ. ವೆಲ್ಡರ್ ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಅವನನ್ನು ಇಲ್ಲಿಗೆ ಸೇರಿಸಿದ್ದೂ ಲೇತಣ್ಣನೇ. "ಯೋಚನೆ ಮಾಡ್ಬೇಡಿ ಭಾವ," ಅಂದಿದ್ದ ವೆಲ್ಡರ್.

ಲೇತಣ್ಣ ಎರಡು ತೆಗೆದ. ಉಳಿದದ್ದು ಮೂರು, ಸರದಿ ಬಾಮೈದನದು. ಅವನು ಎರಡು ತೆಗೆದರೆ ಕೊನೆಯದು ಪೇಂಟರನ ಪಾಲಿಗೆ. ಒಂದೇ ತೆಗೆದರೆ ಪೇಂಟರ್ ಒಂದು ತೆಗೆಯುತ್ತಾನೆ, ಕೊನೆಯದು ಲೇತಣ್ಣನಿಗೆ.

ಬಾಮೈದ ಒಂದೇ ತೆಗೆದ.

"ಲೋ, ಎರಡು ಕಣೋ!" ಲೇತಣ್ಣ ಕೂಗಿಯೇಬಿಟ್ಟ. ಪೇಂಟರ್ ತಲೆಯೆತ್ತಿ ಇಬ್ಬರ ಮುಖವನ್ನೂ ನೋಡಿದ.

"ಗೊತ್ತು ಭಾವ. ಈಗ ಕೂತಲ್ಲೇ ಯೋಚನೆ ಮಾಡ್ದೆ. ನೀವು ಹೋದ್ರೆ ಅಕ್ಕನ್ನ, ಮಕ್ಕಳನ್ನ ನಾನು ನೋಡ್ಕೋತೀನಿ. ಪೇಂಟರ್ ಹೋದ್ರೆ, ಹಾಸಿಗೆ ಹಿಡಿದಿರೋ ಇವರ ಹೆಂಡ್ತಿನ ಯಾರು ನೋಡ್ತಾರೆ?"

"ನೋಡ್ಕೋತಾನಂತೆ! ಬೆಳಿಗ್ಗೆ ಎದ್ದು ನಿನ್ನ ಮುಂದೆ ಕೈಯೊಡ್ಡಿ ನಿಲ್ಲಬೇಕೇನೋ ನಾನು?" ಎಂದ ಲೇತಣ್ಣ. ಅವಮಾನಕ್ಕೋ ಸಿಟ್ಟಿಗೋ, ಕಣ್ಣು ಮಂಜಾದವು. ಹಾಳಾದವನ ಮಾತಿನಲ್ಲಿ ತಪ್ಪು ಹುಡುಕೋಣವೆಂದರೆ ಒಂದೂ ಸಿಗಲಿಲ್ಲ.

"ಬೇಜಾರ್ ಮಾಡ್ಕೋಬೇಡಪ್ಪಾ," ಎಂದು ಪೇಂಟರ್ ಒಂದು ಎತ್ತಿಕೊಂಡ.

ಬಾಗಿಲಲ್ಲಿ ಧಣಿ ಬಂದು ನಿಂತಿದ್ದ. "ಏನ್ರಯ್ಯಾ, ಆಯ್ತಾ? ಯಾರು?"

ಬಾಮೈದ ನೆಲ ನೋಡುತ್ತಿದ್ದ. ಪೇಂಟರ್ ಉಗುರಿನ ಸಂದಿಯ ಬಣ್ಣ ಕೆರೆಯುತ್ತಿದ್ದ.

ಲೇತಣ್ಣ ಕೊನೆಯ ಬೋಲ್ಟು ಎತ್ತಿಕೊಂಡು ಕೈ ಮೇಲೆ ಮಾಡಿದ.