ಎದುರು ಮನೆಯ ಅಳತೆ

ಶಾಲೆಗೆ ಹೊಸದಾಗಿ ಬಂದ ಟೀಚರ್ ಒಂದು ಬೆಳಿಗ್ಗೆ ಮಕ್ಕಳ ಕೈಗೆ ಹುರಿಯ ಉಂಡೆ ಕೊಟ್ಟು, "ಪುಸ್ತಕದಲ್ಲಿರೋ ನಕ್ಷೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ನಿಮ್ಮ ಬೀದಿ ಅಳತೆ ಮಾಡ್ಕೊಂಡು ಬನ್ನಿ" ಎಂದು ಹೊರಗೆ ಕಳಿಸಿದರು. ಒಂದೊಂದು ಮನೆಯ ಮುಂದೆಯೂ ಗೋಡೆಯುದ್ದಕ್ಕೆ ಹುರಿ ಹಿಡಿದು, ಗೋಡೆ ಮುಗಿದಲ್ಲಿ ಗಂಟು ಹಾಕಬೇಕು. ಆಮೇಲೆ ಹುರಿಯನ್ನು ನಾಲ್ಕು ಮಡಿಕೆ ಮಾಡಿ, ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಅಷ್ಟುದ್ದದ ಮನೆ ಬರೆಯಬೇಕು. ಬೀದಿ ಪೂರ್ತಿಯಾದ ಮೇಲೆ ಮಕ್ಕಳೆಲ್ಲ ತಂತಮ್ಮ ಮನೆಯೊಳಗೇ ನಿಂತು ಪಾಠ ಕೇಳುವುದು.

ನಮ್ಮ ಬೀದಿಗೆ ಎರಡು ದಿನ ಒಳ್ಳೆಯ ತಮಾಷೆ ಸಿಕ್ಕಿತು. ದರ್ಜಿ ಬಾಗಿಲಿಗೆ ಬಂದು, "ಊರವರ ಸೊಂಟ ಅಳೆಯೋನು ನಾನು, ಈಗ ನನ್ನ ಮನೆ ಸೊಂಟಕ್ಕೇ ಬಂದ್ರಲ್ಲ! ಸ್ವಲ್ಪ ಸಡಿಲ ಇಡ್ರಮ್ಮ" ಎಂದ.

"ನೀವು ಹೊಲಿದ ಫ್ರಾಕಿನ ಥರ ಉಸಿರು ಕಟ್ಟಿಸಲ್ಲ ಬಿಡಿ ಮಾವ" ಎಂದಳು ಬುಗುರಿ. ನಿಂತಲ್ಲಿ ನಿಲ್ಲದ ಹುಡುಗಿ, ಅದಕ್ಕೇ ಎಲ್ಲರ ಬಾಯಲ್ಲೂ ಬುಗುರಿ.

ಆದರೆ ಅಂಗಳದಲ್ಲಿ ಬೀದಿ ಸರಿಹೋಗಲಿಲ್ಲ. ನಿಜವಾದ ಬೀದಿಯಲ್ಲಿ ಎರಡೂ ಸಾಲು ನಲ್ಲಿಯ ಹತ್ತಿರ ಒಟ್ಟಿಗೇ ಮುಗಿಯುತ್ತವೆ. ಸುಣ್ಣದ ಬೀದಿಯಲ್ಲಿ ದರ್ಜಿಯ ಸಾಲು ನಲ್ಲಿ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಹುರಿ ಹಿಡಿದವರನ್ನು ಗಂಟು ಹಾಕಿದವರು ಬೈದರು, ಗಂಟು ಹಾಕಿದವರನ್ನು ಹುರಿ ಹಿಡಿದವರು. ಮತ್ತೆ ಅಳೆದರು. ಮತ್ತೆ ಕಡಿಮೆ ಬಿತ್ತು.

"ಜಗಳ ಸಾಕು. ಮನೆಯೊಳಗೆ ನಿಂತು ಎದುರಿಗೆ ಏನು ಕಾಣುತ್ತೆ ನೋಡಿ" ಎಂದರು ಟೀಚರ್.

ಬುಗುರಿ ತನ್ನ ಸುಣ್ಣದ ಬಾಗಿಲಲ್ಲಿ ನಿಂತು ನೋಡಿದಳು. "ಮಿಸ್, ಇಲ್ಲಿ ಎದುರಿಗೆ ದರ್ಜಿ ಮಾವನ ಮನೆ ಬಂದಿದೆ. ನಿಜವಾಗ್ಲೂ ನಮ್ಮ ಎದುರಿಗೆ ಅದು ಬರಲ್ಲ."

"ಮತ್ತೆ ಯಾರ ಮನೆ ಬರುತ್ತೆ?"

ಪಕ್ಕದ ಮನೆಯೊಳಗಿದ್ದ ಹುಡುಗಿ ಮೆಲ್ಲಗೆ, "ಆ ಮನೆ ಲೆಕ್ಕಕ್ಕಿಲ್ಲ ಮಿಸ್" ಎಂದಳು.

ಮಕ್ಕಳು ಬೇಕೆಂದು ಬಿಟ್ಟಿದ್ದಲ್ಲ. ನಡೆಯಲು ಕಲಿತಾಗಿನಿಂದ ಆ ಮನೆ ಬಂದರೆ ಮುಖ ಆಚೆ ತಿರುಗಿಸಿಯೇ ದಾಟಿದವರು ಅವರು. ಕಾಲು ತಾನಾಗಿ ದಾಟಿತ್ತು, ಹುರಿಯೂ ದಾಟಿತ್ತು. ನಮ್ಮ ಬೀದಿಯ ಗಂಡಸರನ್ನು ಕಾರ್ಖಾನೆಗೆ ಕರೆದೊಯ್ಯುತ್ತಿದ್ದ ವ್ಯಾನು ಸೇತುವೆಯಿಂದ ಉರುಳಿದಾಗ ಈ ಮಕ್ಕಳಲ್ಲಿ ಕೆಲವರು ತೊಟ್ಟಿಲಲ್ಲಿದ್ದರು, ಕೆಲವರು ಹುಟ್ಟಿಯೇ ಇರಲಿಲ್ಲ. ಡ್ರೈವರ್ ತೂಕಡಿಸಿದ ಎಂದು ಯಾರೋ ಅಂದರು. ಹೌದು, ಅಲ್ಲ ಎನ್ನಲು ವ್ಯಾನಿನಲ್ಲಿದ್ದ ಯಾರೂ ಉಳಿದಿರಲಿಲ್ಲ, ಡ್ರೈವರನೂ ಉಳಿದಿರಲಿಲ್ಲ. ಅವನ ಹೆಂಡತಿ ಮಾತ್ರ ಅದೇ ಮನೆಯಲ್ಲಿ ಇದ್ದಳು. ಬಿಟ್ಟು ಹೋಗು ಎಂದು ಯಾರೂ ಅನ್ನಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಅವಳು ನಲ್ಲಿಗೆ ಬಂದರೆ ನಾವೆಲ್ಲ ಬಕೆಟ್ಟು ಸರಿಸಿ ದೂರ ನಿಲ್ಲುತ್ತಿದ್ದೆವು. ಆ ವ್ಯಾನಿನಲ್ಲಿ ಬುಗುರಿಯ ಅಪ್ಪನೂ ಇದ್ದ.

ಟೀಚರ್ ಬೇರೆ ಕಡೆಯವರು, ಇದೊಂದೂ ತಿಳಿಯದು. ಮಕ್ಕಳ ಮುಖ ನೋಡಿ ಕೆದಕಲಿಲ್ಲ. "ಇರೋ ಮನೇನ ಬಿಟ್ಟು ಬೀದಿ ಬರೆಯೋಕಾಗಲ್ಲ. ಯಾರು ಅಳೀಬೇಕು ಅಂತ ನಾನು ಹೇಳಲ್ಲ" ಎಂದಷ್ಟೇ ಅಂದರು.

ಬುಗುರಿ ಹುರಿ ಹಿಡಿದು ಮನೆಗೆ ಬಂದಳು. ಅಜ್ಜಿ ಹೊಸ್ತಿಲ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು.

"ಅಜ್ಜಿ, ಎದುರು ಮನೆ ಅಳೀಬೇಕು."

ಸೂಜಿ ನಿಂತಿತು. "ಬೇರೆ ಯಾರಾದ್ರೂ ಅಳೀಲಿ."

"ಯಾರೂ ಅಳೆಯಲ್ಲ. ಅದಿಲ್ದೆ ಆ ಸಾಲೆಲ್ಲ ಈಚೆಗೆ ಜರುಗಿಬಿಟ್ಟಿದೆ."

"ಜರುಗಿದ್ರೆ ಜರುಗಲಿ. ಸುಣ್ಣದ ಮನೆ ತಾನೆ, ಯಾರ ತಲೆ ಮೇಲೂ ಬೀಳಲ್ಲ."

ಬುಗುರಿ ಅಲ್ಲೇ ನಿಂತಳು. "ಅಪ್ಪ ಇಲ್ಲಿ ನಿಂತ್ಕೊಂಡ್ರೆ ಎದುರಿಗೆ ಕಾಣ್ತಿದ್ದಿದ್ದು ದರ್ಜಿ ಮಾವನ ಮನೇನಾ ಅಜ್ಜಿ?"

ಅಜ್ಜಿಯ ಕಣ್ಣು ಎದುರು ಬಾಗಿಲಿಗೆ ಹೋಯಿತು. ಆಗೆಲ್ಲ ದಿನಾ ಬೆಳಿಗ್ಗೆ ಅವರ ಮಗ ಈ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಏಳೋ ಕುಂಭಕರ್ಣ!" ಎಂದು ಕೂಗುತ್ತಿದ್ದ. ಎದುರು ಬಾಗಿಲಿಂದ ಡ್ರೈವರ್, "ಎದ್ದು ವ್ಯಾನೂ ತೊಳೆದಾಯ್ತು ಕಣೋ" ಎನ್ನುತ್ತ ಬರುತ್ತಿದ್ದ. ನಗುತ್ತ ಹೋಗುತ್ತಿದ್ದರು ಇಬ್ಬರೂ. ಆವತ್ತೂ ಹಾಗೇ ಹೋದರು.

"ಅಲ್ಲ" ಎಂದರು ಅಜ್ಜಿ. "ಹೋಗು. ನಾನು ಬರಲ್ಲ."

ಬುಗುರಿ ಬೀದಿ ದಾಟಿದ್ದನ್ನು ನಲ್ಲಿಯಲ್ಲಿದ್ದ ನಾವೆಲ್ಲ ನೋಡಿದೆವು. ಕದ ಬಡಿದಳು. ಡ್ರೈವರನ ಹೆಂಡತಿ ಬಂದು ಹುಡುಗಿಯನ್ನೂ ಹುರಿಯನ್ನೂ ನೋಡಿ ಹಾಗೇ ನಿಂತಳು. ಅವಳನ್ನು ಏನೆಂದು ಕರೆಯಬೇಕೋ ಬುಗುರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದರ್ಜಿ ಮಾವನಾದರೆ ಇವಳು ಅತ್ತೆ ಎಂದುಕೊಂಡಿರಬೇಕು.

"ಅತ್ತೆ, ಈ ತುದೀನ ಆ ಮೂಲೆಗೆ ಹಿಡೀತೀರಾ?"

ಅವಳು ಒಣಗಿದ್ದ ಕೈಯನ್ನೇ ಎರಡೆರಡು ಸಲ ಒರೆಸಿಕೊಂಡು ಹುರಿ ಹಿಡಿದಳು. ಬುಗುರಿ ಗೋಡೆ ಅಳೆದು ಗಂಟು ಹಾಕಿದಳು. ಬೀದಿಯ ಅಗಲವನ್ನು ಅಂಗಳದಲ್ಲಿ ಅಂದಾಜಿಗೆ ಬಿಟ್ಟಿದ್ದರು, ಇನ್ನು ಅಳೆಯಲು ಉಳಿದದ್ದು ಅದೇ. "ಬಾಗಿಲಲ್ಲೇ ನಿಂತಿರಿ ಅತ್ತೆ" ಎಂದು ಉಂಡೆ ಬಿಚ್ಚುತ್ತ ಈಚೆಗೆ ಓಡಿ ಬಂದಳು.

"ಅಜ್ಜಿ, ಇಲ್ಲಿ ಹಿಡ್ಕೋ. ನಾನು ಗಂಟು ಹಾಕ್ಬೇಕು."

ಅಜ್ಜಿ ಹುರಿಯನ್ನು ನೋಡಿದರು. ಹೊಲಿಗೆ ಕೆಳಗಿಟ್ಟು ಎರಡು ಬೆರಳಲ್ಲಿ ಹಿಡಿದರು. ಹುರಿ ನಡುಬೀದಿಯಲ್ಲಿ ಜೋತುಬಿತ್ತು.

"ಬಿಗಿಯಾಗಿ ಅಜ್ಜಿ! ಜೋತ್ರೆ ಅಳತೆ ತಪ್ಪುತ್ತೆ."

ಅಜ್ಜಿ ಎದ್ದು ನಿಂತು, ಮುಷ್ಟಿ ಕಟ್ಟಿ ಎಳೆದರು. ಆಚೆಯಿಂದಲೂ ಎಳೆತ ಬಂತು. ನಲ್ಲಿಯಲ್ಲಿ ನನ್ನ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು, ನಿಲ್ಲಿಸಲು ಯಾರಿಗೂ ತೋಚಲಿಲ್ಲ.

"ಬಿಡ್ಲಾ ಅಮ್ಮಾ?" ಎಂದು ಕೇಳಿದಳು ಡ್ರೈವರನ ಹೆಂಡತಿ. ಅವಳ ದನಿ ಹೀಗಿತ್ತು ಎಂಬುದೇ ನಮಗೆ ಮರೆತಿತ್ತು.

ಅಜ್ಜಿ ಮುಷ್ಟಿ ಸಡಿಲಿಸಲಿಲ್ಲ.

"ಇರು" ಎಂದರು. "ಗಂಟು ಇನ್ನೂ ಬಿದ್ದಿಲ್ಲ."

ಗಂಟು ಬಿದ್ದಾಗಿತ್ತು. ಬುಗುರಿ ಅಜ್ಜಿಯ ಮುಖ ನೋಡಿ, ಗಂಟಿನ ಮೇಲೆ ಕೈ ಮುಚ್ಚಿ, ಅಲ್ಲಾಡದೆ ನಿಂತಳು.