ಬಾಡಿಗೆ ಗೋಡೆ

ನಮ್ಮದು ಒಂದೇ ಸಾಲಿನ ನಾಲ್ಕು ರೂಮು, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಮೊದಲನೇ ರೂಮಿನಲ್ಲಿ ಇಸ್ತ್ರಿ ಮಾಡುವ ನಾನು. ಪಕ್ಕದಲ್ಲಿ ಗಾರೆ ಮೇಸ್ತ್ರಿ, ಅವನ ಹೆಂಡತಿ, ಅವನ ತಾಯಿ. ಗೋಡೆಗಳು ವರ್ಷವಿಡೀ ನೀರು ಕುಡಿದುಕೊಂಡೇ ಇರುತ್ತವೆ. ಒರಗಿದರೆ ಅಂಗಿಗೆ ಬೂಷ್ಟು ಹತ್ತುತ್ತದೆ. ಮೇಸ್ತ್ರಿಯ ತಾಯಿಗೆ ಉಬ್ಬಸ. ಒಣಗಿದ ಕಡೆ ಮಲಗಿಸಿ, ಇಲ್ಲದಿದ್ದರೆ ಔಷಧಿ ಕೊಟ್ಟೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಎದುರಿಗೆ ಅಪಾರ್ಟ್‌ಮೆಂಟು ಏಳುತ್ತಿತ್ತು. ಮೇಸ್ತ್ರಿ ಅಲ್ಲಿ ಗಾರೆ ಬಳಿಯುತ್ತಿದ್ದ, ಹೆಂಡತಿ ಬಾಂಡ್ಲಿ ಹೊರುತ್ತಿದ್ದಳು. ಹಗಲೆಲ್ಲ ಇನ್ನೂ ಮುಖ ಕಾಣದ ಜನರ ಗೋಡೆಯನ್ನು ನುಣುಪು ಮಾಡುವುದು, ಸಂಜೆ ಬೂಷ್ಟಿನ ಪಕ್ಕ ಬಂದು ಮಲಗುವುದು. ನಗು ಬರುತ್ತದೆ, ಆದರೆ ನಗಬೇಡಿ.

ರಿಪೇರಿ ಮಾಡಿಸಿಕೊಡಿ ಎಂದು ಅವನು ಓನರನ್ನು ಕೇಳಿದ. ಓನರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. ನೀನೇ ಮೇಸ್ತ್ರಿ, ನಿನಗೆ ನಾನೇನು ಹೇಳಿಕೊಡಲಿ, ಮಾಡಿಕೊಂಡರೆ ಬೇಡ ಅನ್ನುವುದಿಲ್ಲ ಎಂದ.

ಇವನು ಎಡವಿದ್ದು ಇಲ್ಲೇ. ಬೇರೆ ಯಾರಾದರೂ ಆಗಿದ್ದರೆ ಗೋಡೆಗೊಂದು ಪ್ಲಾಸ್ಟಿಕ್ ಹಾಳೆ ಹೊಡೆದು ಸುಮ್ಮನಾಗುತ್ತಿದ್ದರು. ಗಾರೆಯವನಿಗೆ ಅರ್ಧಂಬರ್ಧ ಕೆಲಸ ಕೈಗೇ ಬರುವುದಿಲ್ಲ. ಕೂಲಿ ದುಡ್ಡಿನಲ್ಲೇ ಸಿಮೆಂಟು ತಂದ. ರಜೆ ಸಿಕ್ಕಾಗಲೆಲ್ಲ ಕೂತು ಹಳೇ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕಿತ್ತ. ನೀರು ತಡೆಯುವ ಪುಡಿ ಕಲಸಿ, ಮೂಲೆ ಮೂಲೆಗೂ ಮಟ್ಟ ನೋಡಿ ಬಳಿದ. ಹೆಂಡತಿ ಸುಣ್ಣ ಹೊಡೆದಳು. ಅಲ್ಲಯ್ಯಾ, ಬಾಡಿಗೆ ಮನೆಗೆ ಯಾಕಿಷ್ಟು ಎಂದು ನಾನು ಕೇಳಿದೆ.

"ಮನೆ ಬಾಡಿಗೇದು ಅಣ್ಣ, ಅಮ್ಮ ಬಾಡಿಗೆಯವಳಲ್ಲವಲ್ಲ," ಎಂದ.

ಗೋಡೆ ಒಣಗಿತು. ಅಜ್ಜಿಯ ಉಬ್ಬಸ ಇಳಿಯಿತು. ಒಂದು ಬೆಳಿಗ್ಗೆ ಅವಳು ಹೊಸ್ತಿಲಲ್ಲಿ ಕೂತು, ಕಾಲರು ಇನ್ನೂ ಸುಕ್ಕಾಗಿದೆ ನೋಡು ಎಂದು ನನ್ನ ಇಸ್ತ್ರಿಯಲ್ಲಿ ಕೊಂಕು ತೆಗೆದಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟಿದ್ದು ನಾನು ಅವತ್ತೇ. ಮುಂದಿನ ರಜೆಗೆ ನನ್ನ ರೂಮೂ ಮಾಡಿಕೊಡುತ್ತೇನೆಂದು ಮೇಸ್ತ್ರಿ ಮಾತು ಕೊಟ್ಟ.

ಅಷ್ಟರಲ್ಲಿ ಓನರು ಬಂದ. ಗೋಡೆ ಸವರಿದ. ಭೇಷ್ ಎಂದ. ಹೋಗುವಾಗ, ಬರುವ ತಿಂಗಳಿಂದ ಬಾಡಿಗೆ ಎರಡು ಪಟ್ಟು ಎಂದ.

"ಯಾಕೆ ಸ್ವಾಮಿ?"

"ಎದುರಿಗೆ ಅಪಾರ್ಟ್‌ಮೆಂಟ್ ಬಂತು, ಏರಿಯಾ ಮೇಲೆ ಬಂತು. ರೂಮೂ ಈಗ ಚೆನ್ನಾಗಿದೆ. ಕೇಳಿದಷ್ಟು ಕೊಡೋರಿದ್ದಾರೆ."

"ಚೆನ್ನಾಗಿ ಮಾಡಿದ್ದು ನಾನಲ್ವಾ? ಎದುರಿಂದೂ ನಾವೇ ಕಟ್ತಿರೋದು."

"ಅದಕ್ಕೆ ಅಲ್ಲಿ ಕೂಲಿ ಕೊಡ್ತಿದ್ದಾರಲ್ಲ."

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಯಾರ ಕೈ, ಯಾರ ಬಾಯಿ ಎಂದು ಗಾದೆ ಹೇಳುವುದಿಲ್ಲ. ನಲ್ಲಿ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡ ನಾವು ನಮ್ಮ ನಮ್ಮ ಕೊಡ ಎತ್ತಿಕೊಂಡು ಒಳಗೆ ಹೋದೆವು. ನನ್ನ ಗೋಡೆ ಬೂಷ್ಟು ಹಿಡಿದೇ ಇರಲಿ ದೇವರೇ ಎಂದುಕೊಂಡೆ. ಬಡವನಿಗೆ ಎಂಥೆಂಥ ಆಸೆ ನೋಡಿ.

ಅಷ್ಟು ಬಾಡಿಗೆ ತನ್ನಿಂದಾಗದು ಎಂದ ಮೇಸ್ತ್ರಿ. ಎರಡೇ ದಿನದಲ್ಲಿ ಓನರು ಅಪಾರ್ಟ್‌ಮೆಂಟಿನ ಸೂಪರ್‌ವೈಸರನನ್ನು ಕರೆತಂದು ರೂಮು ತೋರಿಸಿದ. ಅಜ್ಜಿ ಮಲಗಿದ್ದಳು. ಅವಳ ಕಾಲು ದಾಟಿಕೊಂಡೇ ಹೋಗಿ ಗೋಡೆ ಬಡಿದು ನೋಡಿದರು. ಸೂಪರ್‌ವೈಸರನಿಗೆ ಒಪ್ಪಿಗೆಯಾಯಿತು. ಭಾನುವಾರ ಖಾಲಿ ಮಾಡು ಎಂದ ಓನರು.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಪಾತ್ರೆ ಪಡಗವನ್ನೆಲ್ಲ ಹೊರಗಿಟ್ಟ. ತಾಯಿಯನ್ನು ಎತ್ತಿಕೊಂಡು ಬಂದು ನನ್ನ ಚಾಪೆಯ ಮೇಲೆ ಮಲಗಿಸಿದ. ಆಮೇಲೆ ಸುತ್ತಿಗೆ, ಉಳಿ ತೆಗೆದುಕೊಂಡು ಖಾಲಿ ರೂಮಿಗೆ ಹೋದ. ಮೊದಲ ಏಟಿಗೇ ಓನರು ಓಡಿ ಬಂದ. ನನ್ನ ಗೋಡೆ ಮುಟ್ಟಬೇಡ, ಪೊಲೀಸರನ್ನು ಕರೆಸುತ್ತೇನೆ ಎಂದು ಅಬ್ಬರಿಸಿದ.

"ಗೋಡೆ ನಿಮ್ಮದೇ ಸ್ವಾಮಿ, ಅದನ್ನ ಬಿಟ್ಟೇ ಹೋಗ್ತೀನಿ," ಎಂದ ಮೇಸ್ತ್ರಿ. "ಗಾರೆ ನಂದು."

ಗಾರೆ ಚಕ್ಕೆ ಚಕ್ಕೆಯಾಗಿ ಬಿತ್ತು. ಹೆಂಡತಿ ಬಾಂಡ್ಲಿಗೆ ತುಂಬಿ ಅಂಗಳದಲ್ಲಿ ಸುರಿದಳು. ಅಷ್ಟರಲ್ಲಿ ನನ್ನ ರೂಮಿನ ಶೀತಕ್ಕೆ ಅಜ್ಜಿಗೆ ಉಬ್ಬಸ ಎದ್ದಿತು. ಆ ಸದ್ದಿಗೆ ಸುತ್ತಿಗೆ ನಿಂತಿತು. ಓನರು ದನಿ ತಗ್ಗಿಸಿದ. ತಾಯಿಯ ಮುಖವನ್ನಾದರೂ ನೋಡು, ಬಾಡಿಗೆ ಒಪ್ಪಿಕೋ, ಸೂಪರ್‌ವೈಸರನಿಗೆ ನಾನು ಏನಾದರೂ ಹೇಳುತ್ತೇನೆ ಎಂದ. ಮೇಸ್ತ್ರಿ ಕೈ ಇಳಿಬಿಟ್ಟು ನಿಂತ.

ಅಜ್ಜಿ ಗೋಡೆ ಹಿಡಿದು ಎದ್ದು, ಅವನ ಬಾಗಿಲಿಗೆ ಬಂದಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡಳು.

"ಯಾಕೋ ನಿಲ್ಲಿಸ್ದೆ? ನಾನು ಮಲಗೋ ಕಡೆ, ತಲೆ ಹತ್ರದ್ದು ಇನ್ನೂ ಹಾಗೇ ಇದೆ. ಅದನ್ನೂ ಕೀಳು."

ಮೇಸ್ತ್ರಿ ಸುತ್ತಿಗೆ ಎತ್ತಿದ. ನಾನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಇನ್ನೊಂದು ಬಾಂಡ್ಲಿ ತೆಗೆದುಕೊಂಡೆ. ಉಳಿದೆರಡು ರೂಮಿನವರು ಬಂದು ಓನರನಿಗೂ ಬಾಗಿಲಿಗೂ ನಡುವೆ ನಿಂತರು. ಮಧ್ಯಾಹ್ನದ ಹೊತ್ತಿಗೆ ರೂಮಿನಲ್ಲಿ ಬರೀ ಇಟ್ಟಿಗೆ ಉಳಿದಿತ್ತು. ಅಜ್ಜಿ ಉಸಿರಿಗೆ ತಿಣುಕುತ್ತಲೇ ಇದ್ದಳು, ಆದರೆ ಮುಗಿಯುವವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ.