ಎಣ್ಣೆ ತಾಗಿದ ರೊಟ್ಟಿಹಂಚು

ನಾನು ಒಂದು ಹಂಚು. ಮನೆಯ ಮೇಲೆ ಹೊದಿಸುವ ಮಣ್ಣಿನ ಹಂಚಲ್ಲ, ಒಲೆಯ ಮೇಲೆ ಕೂರುವ ಕಬ್ಬಿಣದ ರೊಟ್ಟಿಹಂಚು. ರೋಣದ ಕಡೆಯ ಹಳ್ಳಿಯೊಂದರಲ್ಲಿ ಮೌನೇಶಪ್ಪ ಎಂಬ ಕಮ್ಮಾರ ದಪ್ಪ ತಗಡನ್ನು ಕಾಸಿ, ಬಡಿದು, ನಡುವೆ ತುಸು ತಗ್ಗು ಮಾಡಿ ನನ್ನನ್ನು ಹುಟ್ಟಿಸಿದ. ಹುಟ್ಟುವಾಗ ತಿಂದ ಪೆಟ್ಟೇ ಹೆಚ್ಚು ಅಂತ ಆಗ ಅಂದುಕೊಂಡಿದ್ದೆ.

ನನ್ನನ್ನು ಮಾಡಿಸಿದವಳು ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಾಶವ್ವನಿಗೆ ಗದಗಿನ ದವಾಖಾನೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಚಿಕ್ಕವಳು ನೀಲವ್ವ ಇನ್ನೂ ಲಂಗ ಹಾಕುವ ಹುಡುಗಿ.

"ಪ್ಯಾಟ್ಯಾಗ ಬರೇ ಅನ್ನಾ ತಿಂದು ಸೊರಗಬ್ಯಾಡ. ಇದನ್ನ ಒಯ್ಯಿ," ಅಂದಳು ಅವ್ವ.

ಕೊಡುವ ಮೊದಲು ತಾನೇ ನನ್ನ ಮೇಲೆ ಒಂದು ರೊಟ್ಟಿ ಹಾಕಿ ನೋಡಿದಳು. ಪರಾತದ ಅಗಲ ತಟ್ಟೆಯಲ್ಲಿ ಆಕೆ ರೊಟ್ಟಿ ಬಡಿಯುವ ಸದ್ದು ನನಗೆ ಇಂದಿಗೂ ನೆನಪಿದೆ. ಪಟ ಪಟ ಪಟ, ಆಮೇಲೆ ಒಂದು ಸಣ್ಣ ತಡೆ, ಮತ್ತೆ ಪಟ ಪಟ ಪಟ. ಆ ತಡೆಯಲ್ಲಿ ಆಕೆ ಕಿರುಬೆರಳಿನಿಂದ ಅಂಚನ್ನು ಒತ್ತುತ್ತಿದ್ದಳು, ಹಿಟ್ಟು ಒಡೆಯಬಾರದಲ್ಲ. ಓಣಿಯ ಯಾವ ಮನೆಯಲ್ಲೂ ಹಾಗೆ ತಡೆದು ಬಡಿಯುವವರಿರಲಿಲ್ಲ. ಕಾಶವ್ವನಿಗೆ ಅದೇ ಕೈ ಬಂದಿತ್ತು.

ಮೀನು ಮಾಂಸ ಒಳಗೆ ಬಾರದ ಮನೆ ಅದು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರದು. ಅಂಥ ಮನೆಯ ಕಾಶವ್ವ ಮದುವೆಯಾದದ್ದು ಹಿಲರಿ ಲೋಬೊ ಎಂಬ ರೈಲ್ವೆ ಗಾರ್ಡನನ್ನು. ಬಂಟ್ವಾಳದ ಕಡೆಯ ಕ್ರೈಸ್ತ. ಗಾಡಿಯ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡು ದವಾಖಾನೆಗೆ ಬಂದವನು, ಬೆರಳು ವಾಸಿಯಾದ ಮೇಲೂ ಕಟ್ಟು ಬಿಚ್ಚಿಸಿಕೊಳ್ಳದೆ ಓಡಾಡಿದನಂತೆ. ರಿಜಿಸ್ಟರ್ ಮದುವೆಗೆ ಹಳ್ಳಿಯಿಂದ ಯಾರೂ ಬರಲಿಲ್ಲ. ಅವ್ವ ಮಾತು ಬಿಟ್ಟಳು. ತವರಿನದೆಂದು ಕಾಶವ್ವನ ಬಳಿ ಉಳಿದವನು ನಾನೊಬ್ಬನೇ. ಗೋಣಿಚೀಲದಲ್ಲಿ ಸುತ್ತಿಸಿಕೊಂಡು ರೈಲ್ವೆ ಕ್ವಾರ್ಟರ್ಸಿಗೆ ಬಂದೆ.

ಮೊದಲ ದಿನವೇ ಹಿಲರಿ ನನ್ನನ್ನು ಎತ್ತಿ ನೋಡಿ, "ಒಳ್ಳೆ ಕಾವಲಿ ಮಾರಾಯ್ತಿ! ಇದರಲ್ಲಿ ಬಂಗುಡೆ ಮೀನು ಹುರಿದರೆ ಉಂಟಲ್ಲ..." ಅಂದ.

ಕಾಶವ್ವ ನನ್ನನ್ನು ಅವನ ಕೈಯಿಂದ ಇಸಿದುಕೊಂಡಳು. "ಇದರ ಮ್ಯಾಲ ಬ್ಯಾಡ್ರಿ. ಎಂದಾರ ಒಂದಿನ ಅವ್ವ ಬರ್ತಾಳ. ಬಂದಾಗ ಆಕಿ ನನ್ನ ಮನ್ಯಾಗ ಒಂದು ರೊಟ್ಟಿ ತಿನ್ನಬೇಕು. ಹಂಚು ಕೆಟ್ಟರ ತಿನ್ನಂಗಿಲ್ಲ."

ಹಿಲರಿ ತಲೆ ಕೆರೆದುಕೊಂಡ. "ಆಯ್ತು. ನಿನ್ನ ಅಮ್ಮ ಮೊದಲು ಊಟ ಮಾಡಿ ಹೋಗಲಿ. ನನ್ನ ಬಂಗುಡೆಗೆ ಎಂತ ಅವಸರ?"

ಅಷ್ಟೇ. ಅವನು ಮನೆಗೆ ಮೀನು ತರಲಿಲ್ಲ. ಗಾಡಿ ಹೋದ ಊರಲ್ಲಿ ಹೋಟೆಲಿನಲ್ಲಿ ತಿಂದು, ಸೋಪು ಹಾಕಿ ಕೈ ತೊಳೆದು ಬರುತ್ತಿದ್ದ. ಬಂದರೂ ಒಲೆಯ ಹತ್ತಿರ ಬರಲು ಹಿಂಜರಿಯುತ್ತಿದ್ದ, ಪಾಪ.

ಅವನು ಗೂಡ್ಸ್ ಗಾಡಿ ಹತ್ತಿದರೆ ಯಾವಾಗ ಇಳಿಯುತ್ತಾನೋ ಹೇಳುವಂತಿರಲಿಲ್ಲ. ಡ್ಯೂಟಿ ಇಲ್ಲದ ಹೊತ್ತು ಕಾಶವ್ವ ಒಬ್ಬಳೇ. ಅಕ್ಕಪಕ್ಕದವರು ನಗುತ್ತ ಮಾತಾಡಿಸುತ್ತಿದ್ದರು, ಆದರೆ ಹಬ್ಬದ ದಿನ ಎಲೆ ಹಾಕಿ ಕರೆಯುವಾಗ ಆಕೆಯ ಬಾಗಿಲು ದಾಟಿ ಮುಂದಿನ ಬಾಗಿಲಿಗೆ ಹೋಗುತ್ತಿದ್ದರು. ಅಂಥ ದಿನ ಆಕೆ ಹಸಿವಿಲ್ಲದಿದ್ದರೂ ಹಿಟ್ಟು ಕಲಸುತ್ತಿದ್ದಳು. ಪಟ ಪಟ ಪಟ, ತಡೆ. ಆ ಸದ್ದೇ ಆಕೆಗೆ ಮಾತಿಗೆ ಜೊತೆ.

ಹಿಲರಿಗೂ ಅದು ಗೊತ್ತಾಗಿರಬೇಕು. ರಜೆಯ ದಿನ ಪಕ್ಕದಲ್ಲಿ ಕೂತು ಬಡಿಯಲು ಕಲಿತ. ಅವನ ರೊಟ್ಟಿ ಮೊದಮೊದಲು ಹರಿದ ನಕಾಶೆಯ ಹಾಗಿರುತ್ತಿತ್ತು.

"ಇದೇನ್ರೀ, ಯಾವ ರಾಜ್ಯಾ ಇದು?" ಎಂದು ಕಾಶವ್ವ ನಗುತ್ತಿದ್ದಳು.

"ಅರ್ಧ ನಿಮ್ಮದು, ಅರ್ಧ ನಮ್ಮದು. ತಿನ್ನು ಸುಮ್ಮನೆ."

ಕಿರುಬೆರಳಿನ ಆ ತಡೆಯನ್ನು ಮಾತ್ರ ಆಕೆ ಬಿಡದೆ ಕಲಿಸಿದಳು. ಆಕೆ ಅವನ ಊರಿನ ಕುಚ್ಚಲಕ್ಕಿ ಗಂಜಿ ಕಲಿತಳು. ಮೊದಲು ಮೂಗು ಮುರಿದು, ಆಮೇಲೆ ಉಪ್ಪಿನಕಾಯಿ ನೆಕ್ಕಿಕೊಂಡು.

ಕಡೆಗೂ ಒಂದು ದಿನ ಹಳ್ಳಿಯ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ನಾಳೆ ಬೆಳಗಿನ ಬಸ್ಸಿಗೆ ಅವ್ವ ಬರುತ್ತಾಳೆ. ಕಾಶವ್ವ ಅಳುತ್ತ ನಗುತ್ತ ಸಂತೆಗೆ ಓಡಿದಳು, ಎಣ್ಣೆಗಾಯಿಗೆ ಎಳೆ ಬದನೆಕಾಯಿ ಬೇಕಲ್ಲ. ಹಿಲರಿಗೆ ಅವತ್ತೇ ಗಾಡಿ. ಹೊರಡುವ ಮೊದಲು ತಾನೂ ಏನಾದರೂ ಮಾಡಬೇಕು ಅನ್ನಿಸಿತು ಅವನಿಗೆ. ನನ್ನನ್ನು ಬೂದಿ ಹಾಕಿ ತಿಕ್ಕಿದ. ಕಾಯಿಸಿದ. ಆಮೇಲೆ ಅರ್ಧ ಈರುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ನನ್ನ ಮೈಗೆಲ್ಲ ಉಜ್ಜಿದ. ಅವನ ಊರಿನಲ್ಲಿ ನೆಂಟರು ಬರುತ್ತಾರೆಂದರೆ ದೋಸೆ ಕಾವಲಿಗೆ ಅವನಮ್ಮ ಹಾಗೆಯೇ ಮಾಡುತ್ತಿದ್ದರು. ನಾನು ಫಳಫಳ ಹೊಳೆದೆ. ಅವನು ಶಿಳ್ಳೆ ಹಾಕುತ್ತ ಡ್ಯೂಟಿಗೆ ಹೋದ.

ಜೋಳದ ರೊಟ್ಟಿಯ ಹಂಚಿಗೆ ಯಾರೂ ಎಣ್ಣೆ ಹಚ್ಚುವುದಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ನನಗೆ ಬಾಯಿಲ್ಲ.

ಬೆಳಿಗ್ಗೆ ಅವ್ವ ನೀಲವ್ವನ ಕೈ ಹಿಡಿದು ಬಂದಳು. ತಾಯಿ ಮಗಳು ಒಬ್ಬರ ಕೈ ಒಬ್ಬರು ಸವರಿಕೊಂಡರು. ಆ ಗಡಿಬಿಡಿಯಲ್ಲಿ ಕಾಶವ್ವ ನನ್ನ ಕಡೆ ನೋಡದೆಯೇ ಒಲೆಗೇರಿಸಿ ಹಿಟ್ಟು ಬಡಿಯತೊಡಗಿದಳು. ನಾನು ಕಾದೆ. ಹೊಗೆ ಎದ್ದಿತು. ಹಳ್ಳಿಯ ಮನೆಯವರು ಎಂದೂ ಕಾಣದ ಕರಾವಳಿಯ ಎಣ್ಣೆಯ ವಾಸನೆ, ಸುಟ್ಟ ಈರುಳ್ಳಿಯ ವಾಸನೆ.

"ಇದೇನು ನಾತ?" ಅಂದಳು ಅವ್ವ.

ಕಾಶವ್ವ ನನ್ನನ್ನು ನೋಡಿದಳು. ಮುಖ ಬಿಳಿಚಿತು. "ಅವ್ವಾ, ಕೊಬ್ರಿ ಎಣ್ಣಿ ಇದು. ಅವರು ತಿಳೀದ ಹಚ್ಚ್ಯಾರ."

"ರೊಟ್ಟಿ ಹಂಚಿಗೆ ಎಣ್ಣಿ?" ಅವ್ವ ಮೆಲ್ಲಗೆ ಕೇಳಿದಳು. "ಎದಕ್ಕ ಹಚ್ತಾರಂತ ನನಗ ತಿಳೀದೇನು? ನಾ ಕೊಟ್ಟ ಹಂಚಿನ ಮ್ಯಾಲ ಮೀನಾ..."

"ಆಣಿ ಮಾಡ್ತೀನವ್ವಾ, ಒಂದಿನಾನೂ..."

"ಬ್ಯಾಡ, ಆಣಿ ಮಾಡಬ್ಯಾಡ. ನಿನ್ನ ಮುಖಾ ನೋಡಿದೆ. ಸಾಕು."

ಗದರಿದ್ದರೆ ಚೆನ್ನಾಗಿತ್ತು. ಆಕೆ ಗದರಲಿಲ್ಲ. ನೀಲವ್ವನ ಕಣ್ಣು ನನ್ನ ಮೇಲೆ ಉಬ್ಬುತ್ತಿದ್ದ ರೊಟ್ಟಿಯ ಮೇಲಿತ್ತು. ಬೆಳಗಿನಿಂದ ಹಸಿದ ಮಗು. ಅವ್ವ ಅದರ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ರೊಟ್ಟಿ ನನ್ನ ಮೇಲೆಯೇ ಸುಟ್ಟು ಕರಕಾಯಿತು. ಇಳಿಸುವ ಕೈ ಬರಲಿಲ್ಲ.

ಹಿಲರಿ ಡ್ಯೂಟಿಯಿಂದ ಬಂದವನು ಬಾಗಿಲಲ್ಲೇ, "ಅಮ್ಮ ಊಟ ಮಾಡಿದ್ರಾ?" ಎಂದು ಕೇಳಿದ. ಆಮೇಲೆ ಅವನಿಗೆ ಗೊತ್ತಾಯಿತು. ಕಾಶವ್ವ ಬೈಯಲಿಲ್ಲ. ಅವನು ಹಿತ್ತಲಿಗೆ ಹೋಗಿ ಇಟ್ಟಿಗೆ ಪುಡಿ ಹಾಕಿ ನನ್ನನ್ನು ತಿಕ್ಕಿದ, ಮರುದಿನವೂ ತಿಕ್ಕಿದ, ಎಣ್ಣೆ ಹೋದ ಮೇಲೂ ತಿಕ್ಕುತ್ತಲೇ ಇದ್ದ. ಮನೆಯಲ್ಲಿ ಇಬ್ಬರಿದ್ದರು, ಮಾತಿರಲಿಲ್ಲ. ಮಕ್ಕಳೂ ಆಗಲಿಲ್ಲ. ಅಂದಿನಿಂದ ಅವನು ಹೊರಗೂ ಮೀನು ತಿನ್ನುವುದನ್ನು ಬಿಟ್ಟ. ಆಕೆಗೆ ಹೇಳಲೂ ಇಲ್ಲ. ಸೋಪಿನ ವಾಸನೆ ನಿಂತದ್ದರಿಂದ ನನಗೆ ತಿಳಿಯಿತು.

ವರ್ಷಗಳ ಮೇಲೆ ಅವ್ವ ತೀರಿಕೊಂಡಳು. ಮಣ್ಣಾದ ಮೇಲೆ ಸುದ್ದಿ ಬಂತು. ಕಾಶವ್ವ ಹೋಗಿ, ಮುಚ್ಚಿದ ಬಾಗಿಲು ನೋಡಿ ಬಂದಳು. ನೀಲವ್ವ ಆಗಲೇ ಗಂಡನ ಮನೆ ಸೇರಿದ್ದಳು. ಬಂದ ವಾರದ ಸಂತೆಯಲ್ಲಿ ಕಾಶವ್ವ ಸೆರಗಿನಲ್ಲಿ ಮರೆಮಾಡಿಕೊಂಡು ಬಂಗುಡೆ ತಂದಳು. ಹೆಚ್ಚಲು ಬಾರದು, ಕೈಯೆಲ್ಲ ಗೀರು. ನನ್ನನ್ನು ಒಲೆಗಿಟ್ಟು ತಾನೇ ಎಣ್ಣೆ ಹಾಕಿದಳು.

"ಬೇಡ ಕಾಶಿ. ನನಗೆ ಈಗ ಅದು ಹೋಗುವುದಿಲ್ಲ," ಅಂದ ಹಿಲರಿ.

"ಇನ್ಯಾರಿಗೆ ಕಾಯೂದ್ರೀ ನಾವು?"

ಮೊದಲ ತುಂಡನ್ನು ಆಕೆಯೇ ಬಾಯಿಗಿಟ್ಟುಕೊಂಡಳು. ಅಗಿದಳು, ಅತ್ತಳು, ನುಂಗಿದಳು. ಅವನು ಎದುರು ಕೂತು, ಬೇಡವಾದ ಮೀನನ್ನು ಆಕೆಗೋಸ್ಕರ ತಿಂದ. ನನ್ನ ಮೇಲೆ ಅಷ್ಟು ದುಃಖದ ಊಟ ಮತ್ತೊಂದು ಬೆಂದಿಲ್ಲ. ಆದರೆ ಅವತ್ತಿನಿಂದ ಅವರು ಮತ್ತೆ ಮಾತಾಡತೊಡಗಿದರು.

ಆಮೇಲೆ ನೋಡಬೇಕಿತ್ತು. ಆಕೆಗೆ ಬಂಗುಡೆ ಇಲ್ಲದೆ ಭಾನುವಾರ ಸರಿಯುತ್ತಿರಲಿಲ್ಲ. ಅವನಿಗೆ ರೊಟ್ಟಿ ಇಲ್ಲದೆ ಹೊಟ್ಟೆ ತುಂಬುತ್ತಿರಲಿಲ್ಲ. ಮೀನಿನ ದಿನ ಕಳೆದ ಮೇಲೆ ಅವನೇ ನನ್ನನ್ನು ಕೆಂಪಗೆ ಕಾಸಿ, ತಿಕ್ಕಿ, ರೊಟ್ಟಿಗೆ ತಯಾರು ಮಾಡುತ್ತಿದ್ದ. "ಎಂತದು ಮಾರಾಯ್ರೆ ನಿಮ್ಮ ಗಡಿಬಿಡಿ," ಎಂದು ಆಕೆ ಅನ್ನುವಳು. "ಸುಮ್ಮ ಕುಂದ್ರ ನೀ," ಎಂದು ಅವನು ಅನ್ನುವನು. ಅವಳ ಮಾತು ಅವನಿಗೆ, ಅವನ ಮಾತು ಅವಳಿಗೆ ಹೋಗಿಬಿಟ್ಟಿತ್ತು. ಯಾವಾಗ ಅದಲುಬದಲಾಯಿತೋ ಅವರಿಗೂ ಗೊತ್ತಾಗಲಿಲ್ಲ.

ಹಿಲರಿ ರಿಟೈರಾದ ಮೇಲೆ ಗದಗಿನಲ್ಲೇ ಬಾಡಿಗೆ ಮನೆ ಹಿಡಿದರು. ಅಲ್ಲಿಗೆ ಬಂದು ಸ್ವಲ್ಪ ದಿನಕ್ಕೇ ಕಾಶವ್ವ ಜ್ವರ ಬಂದು ತೀರಿಹೋದಳು. ಊರಿಗೆ ಬಾ ಎಂದು ಅವನ ತಮ್ಮ ಕರೆದ. ಹಿಲರಿ ಹೋಗಲಿಲ್ಲ. ಅಲ್ಲಿ ಬೆಳಿಗ್ಗೆ ರೊಟ್ಟಿ ಯಾರು ಬಡಿಯುತ್ತಾರೆ? ಒಬ್ಬನೇ ಬಡಿದು, ಒಬ್ಬನೇ ಬೇಯಿಸಿ, ಗೋಡೆ ನೋಡುತ್ತ ತಿನ್ನುತ್ತಿದ್ದ. ಮೀನು ಮಾತ್ರ ತರಲಿಲ್ಲ. ತಿನ್ನುವವಳು ಇರಲಿಲ್ಲವಲ್ಲ.

ಒಂದು ಬೆಳಿಗ್ಗೆ ಅವನು ರೊಟ್ಟಿ ಬಡಿಯುತ್ತಿರುವಾಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ತಲೆ ನರೆತಿತ್ತು. ಸದ್ದು ಕೇಳಿಸಿಕೊಳ್ಳುತ್ತ ನಿಂತೇ ಇದ್ದಳು. ಪಟ ಪಟ ಪಟ, ತಡೆ.

"ಲೋಬೊ ಅವರ ಮನಿ ಇದೇ ಏನ್ರಿ? ನಾ ನೀಲವ್ವ. ಕಾಶಕ್ಕ ಹೋದ ಸುದ್ದಿ ಈಗ ತಿಳೀತು." ಆಕೆ ಒಳಗೆ ಇಣುಕಿದಳು. "ರೊಟ್ಟಿ ಬಡಿಯಾಕತ್ತಿದವರು ಯಾರ್ರಿ?"

"ನಾನ ಬಡೀತಿದ್ದೆ."

"ನಮ್ಮವ್ವನ ಕೈ ಅದು," ಅಂದಳು ನೀಲವ್ವ. ಅಂದು ಹೊಸಿಲ ಮೇಲೆಯೇ ಕೂತಳು. "ಅವ್ವ ಸತ್ತಮ್ಯಾಲ ಈ ಸಪ್ಪಳಾ ಕೇಳಿದ್ದಿಲ್ಲ ನಾ. ನನಗ ಬರಲಿಲ್ಲ ಅದು."

ಹಿಲರಿ ರೊಟ್ಟಿಯನ್ನು ನನ್ನ ಮೇಲೆ ಹಾಕಿದ, ಒದ್ದೆ ಬಟ್ಟೆಯಿಂದ ನೀರು ಸವರಿದ. ಅದು ಉಬ್ಬಿತು. ತಟ್ಟೆಗೆ ಹಾಕಿದ, ಕೊಡಲಿಲ್ಲ, ಹಿಡಿದುಕೊಂಡೇ ನಿಂತ.

"ಸುಳ್ಳು ಹೇಳಿ ಉಣಿಸಂಗಿಲ್ಲವ್ವಾ. ಅವತ್ತು ನಾ ಹಚ್ಚಿದ್ದು ಬರೇ ಎಣ್ಣಿ. ಆದರ ಆಮ್ಯಾಲ ಇದರ ಮ್ಯಾಲ ಮೀನು ಬೆಂದೈತಿ. ನಿಮ್ಮಕ್ಕನ ಬೇಯಿಸಿದ್ಲು, ನಿಮ್ಮಕ್ಕನ ತಿಂದ್ಲು. ಬ್ಯಾಡಂದ್ರ ಬಾಳೆಹಣ್ಣು ತರ್ತೀನಿ."

ನೀಲವ್ವ ನನ್ನನ್ನು ನೋಡಿದಳು. ಲಂಗದ ಹುಡುಗಿಯಾಗಿದ್ದಾಗ ನೋಡಿದ ಹಾಗೆಯೇ. ಕೊರಳಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡಳು. ಕೈ ಚಾಚಿ ತಟ್ಟೆ ಇಸಿದುಕೊಂಡು ರೊಟ್ಟಿ ಮುರಿದಳು. ಏನೂ ಹಚ್ಚಿಕೊಳ್ಳದೆ, ಬರೀ ರೊಟ್ಟಿ. ತಟ್ಟೆ ಬರಿದಾಯಿತು.

"ಇನ್ನೊಂದು ಹಾಕ್ರಿ, ಮಾಮಾ," ಅಂದಳು ಆಕೆ.

ಅವನು ಪರಾತದ ಮುಂದೆ ಕೂತ. ಪಟ ಪಟ ಪಟ, ತಡೆ. ಸದ್ದು ತಪ್ಪಲಿಲ್ಲ.

ಈಗ ನನ್ನ ಅಂಚು ಬಿರಿದಿದೆ. ರೊಟ್ಟಿ ಅಗಿಯಲು ಹಿಲರಿಗೆ ಹಲ್ಲಿಲ್ಲ, ಗಂಜಿ ಕುಡಿಯುತ್ತಾನೆ. ನಾನು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದೇನೆ. ನನ್ನಲ್ಲಿ ಯಾವುದು ಹಂಚು, ಯಾವುದು ಕಾವಲಿ ಎಂದು ಯಾವ ಕಮ್ಮಾರನೂ ಬೇರೆ ಮಾಡಲಾರ. ತವರಿನವರು ಬಂದು ಈ ಮನೆಯಲ್ಲಿ ಒಂದು ರೊಟ್ಟಿ ತಿನ್ನಬೇಕು ಅಂತ ಕಾದವಳೊಬ್ಬಳಿದ್ದಳು. ತಿಂದರು. ನೋಡಲು ಅವಳಿರಲಿಲ್ಲ, ನಾನಿದ್ದೆ.